ಡೆಬಿಯನ್ ರೆಪೊದಲ್ಲಿ ನಾನ್-ಫ್ರೀ ಪ್ಯಾಕೇಜುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಪ್ಯಾಕೇಜಿಂಗ್ ಕಲಿಯುವವರು, ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರದೆ ಒದ್ದಾಡುವವರು, ಕಚೇರಿಯಲ್ಲಿ ಸ್ವಂತ ರೆಪೊ ನೋಡಿಕೊಳ್ಳುವವರು ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಉತ್ತರಗಳೆಲ್ಲ ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೊದ (ಲಿನಕ್ಸ್ ಮೇಲೆ ಕಟ್ಟಿದ ಆಪರೇಟಿಂಗ್ ಸಿಸ್ಟಮ್) ಲೆಕ್ಕದಲ್ಲಿವೆ. ಪ್ಯಾಕೇಜ್ ಅಂದರೆ ಇನ್‌ಸ್ಟಾಲ್ ಮಾಡಲು ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶ, ರೆಪೊ ಅಂದರೆ ಅವನ್ನೆಲ್ಲ ಇಟ್ಟಿರುವ ಸಂಗ್ರಹ. ಇದು ವಕೀಲರ ಸಲಹೆಯಲ್ಲ, ಪ್ಯಾಕೇಜ್ ಮಾಡುವವರ ಕೈಪಿಡಿ ಅಂದುಕೊಳ್ಳಿ.

ಡೆಬಿಯನ್ ರೆಪೊದಲ್ಲಿ ಎಷ್ಟು ವಿಭಾಗಗಳಿವೆ?

ನಾಲ್ಕು. ಮೇನ್, ಕಾಂಟ್ರಿಬ್, ನಾನ್-ಫ್ರೀ, ನಾನ್-ಫ್ರೀ-ಫರ್ಮ್‌ವೇರ್. ನಿಯಮದ ಪ್ರಕಾರ ಮೇನ್ ಒಂದೇ "ಡೆಬಿಯನ್". ಉಳಿದ ಮೂರು ಅದೇ ಸರ್ವರ್‌ನಲ್ಲಿ ಇರುತ್ತವೆ, ಪ್ಯಾಕೇಜ್ ಇಳಿಸುವ ಅದೇ ಆಪ್ಟ್ ಸಾಧನದಲ್ಲಿ ಇಳಿಯುತ್ತವೆ, ಆದರೆ ಡೆಬಿಯನ್ ವ್ಯವಸ್ಥೆಯ ಭಾಗ ಅಲ್ಲ. 1997ರ ಸಾಮಾಜಿಕ ಒಪ್ಪಂದದಲ್ಲೇ, ಅಂದರೆ ಬಳಕೆದಾರರಿಗೆ ಡೆಬಿಯನ್ ಕೊಟ್ಟ ಲಿಖಿತ ಮಾತಿನಲ್ಲೇ, ಈ ಏರ್ಪಾಡು ಇದೆ. ನಾಲ್ಕನೆಯದು ಮಾತ್ರ ತೀರ ಈಚಿನದು, ಅದರ ಕಥೆ ಮುಂದೆ ಬರುತ್ತದೆ.

ಒಂದು ಪೈಸೆ ಕೊಡದೆ ಡೌನ್‌ಲೋಡ್ ಆಗುತ್ತದೆ. ಮತ್ಯಾಕೆ ನಾನ್-ಫ್ರೀ?

ಇಲ್ಲಿ ಬೆಲೆಯ ಪ್ರಶ್ನೆ ಬರುವುದೇ ಇಲ್ಲ. ಕೇಳುವುದು ಬೇರೆ: ಸೋರ್ಸ್ ಕೋಡ್, ಅಂದರೆ ಮನುಷ್ಯರು ಬರೆದ ಮೂಲ ರೂಪ, ಸಿಗುತ್ತದಾ? ತಿದ್ದಬಹುದಾ? ತಿದ್ದಿದ್ದನ್ನು ಹಂಚಬಹುದಾ? ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದಾ? ಒಂದಕ್ಕೆ "ಇಲ್ಲ" ಅಂದರೂ ಅದು ಮೇನ್‌ಗೆ ಬರುವುದಿಲ್ಲ. "ವಾಣಿಜ್ಯ ಬಳಕೆಗೆ ಇಲ್ಲ" ಎಂಬ ಒಂದೇ ಸಾಲಿನಿಂದ ಎಷ್ಟೋ ಒಳ್ಳೆಯ ತಂತ್ರಾಂಶಗಳು ಮೇನ್‌ನಿಂದ ಹೊರಗೇ ಉಳಿದಿವೆ.

ಇದನ್ನು ತೀರ್ಮಾನಿಸುವವರು ಯಾರು?

ಮೊದಲು ಮೇಂಟೇನರ್, ಅಂದರೆ ಪ್ಯಾಕೇಜ್ ಮಾಡುವ ನೀವು. ಆಮೇಲೆ ಹೊಸ ಪ್ಯಾಕೇಜುಗಳನ್ನು ಪರಿಶೀಲಿಸುವ ಡೆಬಿಯನ್ ತಂಡ (ಬಹಳ ಕಾಲ ಇದು ಎಫ್‌ಟಿಪಿ ತಂಡ). ಹೊಸ ಪ್ಯಾಕೇಜ್ ಯಾವುದೇ ಇರಲಿ, "ನ್ಯೂ" ಎಂಬ ಸರದಿಯಲ್ಲಿ ನಿಲ್ಲಬೇಕು. ತಂಡದವರು ಫೈಲುಗಳನ್ನು ತೆರೆದು ಲೈಸೆನ್ಸ್ ಓದುತ್ತಾರೆ. ಸರದಿ ಕೆಲವೊಮ್ಮೆ ಬಹಳ ಉದ್ದ ಇರುತ್ತದೆ, ಗೊಣಗಿ ಪ್ರಯೋಜನವಿಲ್ಲ.

ಅಳತೆಗೋಲು ಡಿಎಫ್‌ಎಸ್‌ಜಿ, ಅಂದರೆ ಡೆಬಿಯನ್ ಸ್ವತಂತ್ರ ತಂತ್ರಾಂಶ ಮಾರ್ಗಸೂಚಿ. ಹತ್ತು ಅಂಶಗಳು. 1998ರಲ್ಲಿ ಬಂದ "ಓಪನ್ ಸೋರ್ಸ್" ವ್ಯಾಖ್ಯಾನವನ್ನು ತಯಾರಿಸಿದ್ದು ಈ ಮಾರ್ಗಸೂಚಿಯನ್ನೇ ಇಟ್ಟುಕೊಂಡು. ಆದ್ದರಿಂದ ಎರಡೂ ಓದಲು ಒಂದೇ ತರ ಇವೆ.

ಲೈಸೆನ್ಸ್ ಚರ್ಚೆಗಳಲ್ಲಿ ಎರಡು ಕಲ್ಪಿತ ಪರೀಕ್ಷೆಗಳೂ ಆಗಾಗ ಬರುತ್ತವೆ. ಒಂದು ನಿರ್ಜನ ದ್ವೀಪದ ಪರೀಕ್ಷೆ. ಹೊರಜಗತ್ತಿನ ಸಂಪರ್ಕವೇ ಇಲ್ಲದ ದ್ವೀಪದಲ್ಲಿ ಸಿಕ್ಕಿಬಿದ್ದವರು ಕೋಡ್ ತಿದ್ದಿ ಪಕ್ಕದವರಿಗೆ ಕೊಡಬಹುದಾ? "ತಿದ್ದಿದರೆ ನನಗೆ ಮೇಲ್ ಕಳಿಸಲೇಬೇಕು" ಎನ್ನುವ ಲೈಸೆನ್ಸ್ ಇಲ್ಲಿ ಫೇಲ್. ಇನ್ನೊಂದು ಭಿನ್ನಮತೀಯರ ಪರೀಕ್ಷೆ. ಸರ್ವಾಧಿಕಾರಿಯ ಕೈಕೆಳಗೆ ಬದುಕುವವರು ತಮ್ಮ ಗುರುತು ಹೇಳದೆ ತಿದ್ದಿ ಹಂಚಬಹುದಾ? ಇವು ನಿಯಮಗಳಲ್ಲ, ಯೋಚನೆಗೆ ಒಂದು ದಾರಿ ಅಷ್ಟೇ.

ಒಂದು ಲೈಸೆನ್ಸ್ ಹಿಡಿದು ತೋರಿಸುತ್ತೀರಾ?

ರಾರ್ ಎಂಬ ಕುಗ್ಗಿಸಿದ ಫೈಲುಗಳನ್ನು ಬಿಚ್ಚುವ ಅನ್‌ರಾರ್ ತೆಗೆದುಕೊಳ್ಳೋಣ. ಸೋರ್ಸ್ ಕೋಡ್ ಇದೆ, ಹಂಚಬಹುದು, ತಿದ್ದಲೂಬಹುದು. ಮೇಲ್ನೋಟಕ್ಕೆ ಎಲ್ಲ ಸರಿ. ಆದರೆ ಒಳಗೆ ಒಂದು ಷರತ್ತು ಇದೆ: ಈ ಕೋಡ್ ಬಳಸಿ ರಾರ್ ಸಂಕುಚನದ ವಿಧಾನವನ್ನು ಮತ್ತೆ ಕಟ್ಟುವ ಹಾಗಿಲ್ಲ. ಬಿಚ್ಚಬಹುದು, ಕಟ್ಟಬಾರದು. ಒಂದು ಬಗೆಯ ತಿದ್ದುಪಡಿಯನ್ನು, ಒಂದು ಬಗೆಯ ಕೆಲಸವನ್ನು ಲೈಸೆನ್ಸೇ ನಿಷೇಧಿಸಿದಂತಾಯಿತು. ಆದ್ದರಿಂದ ನಾನ್-ಫ್ರೀ. ಮೇನ್‌ನಲ್ಲಿ ಅನ್‌ರಾರ್-ಫ್ರೀ ಅಂತ ಬೇರೆಯೇ ಒಂದಿದೆ, ಬಹಳ ಕಾಲ ಅದು ಹಳೆಯ ರಾರ್ ಫೈಲುಗಳನ್ನು ಮಾತ್ರ ಬಿಚ್ಚುತ್ತಿತ್ತು.

ಇನ್ನೊಂದು, ಎಲ್ಲರಿಗೂ ನಗು ತರಿಸುವ ಉದಾಹರಣೆ ಜೇಸನ್ ಲೈಸೆನ್ಸ್. ಅದು ಪೂರ್ತಿ ಎಂಐಟಿ ಲೈಸೆನ್ಸೇ (ತೀರ ಸಡಿಲ ಷರತ್ತುಗಳ ಸ್ವತಂತ್ರ ಲೈಸೆನ್ಸ್), ಒಂದು ಸಾಲು ಜಾಸ್ತಿ: ಈ ತಂತ್ರಾಂಶವನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ. ಯಾರಿಗೆ ತಕರಾರು ಹೇಳಿ? ಆದರೆ ಕೆಟ್ಟದ್ದು ಯಾವುದು ಅಂತ ಹೇಳುವವರು ಯಾರು? ಮಾರ್ಗಸೂಚಿಯ ಆರನೇ ಅಂಶ ಯಾವ ಕಾರ್ಯಕ್ಷೇತ್ರದವರಿಗೂ ಬಳಕೆ ತಡೆಯಬಾರದು ಎನ್ನುತ್ತದೆ. ಈ ಒಂದು ಸಾಲಿಗಾಗಿ ಡೆಬಿಯನ್ ಪಿಎಚ್‌ಪಿ ಭಾಷೆಯ ಜೇಸನ್ (ದತ್ತಾಂಶ ಬರೆಯುವ ಒಂದು ರೂಪ) ಭಾಗವನ್ನು ತೆಗೆದು ಬೇರೆ ಲೈಬ್ರರಿ ಮೇಲೆ ಕಟ್ಟಿದ್ದನ್ನು ಹಾಕಿಕೊಂಡಿತು. 2016ರಲ್ಲಿ ಅಪಾಚೆ ಪ್ರತಿಷ್ಠಾನವೂ ತನ್ನ ಯೋಜನೆಗಳಲ್ಲಿ ಈ ಲೈಸೆನ್ಸ್ ಬೇಡ ಅಂದಿತು.

ಲೈಸೆನ್ಸಿನ ಹೆಸರು ನೋಡಿ ನಿರ್ಧರಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. "ಎಂಐಟಿ ತರ ಇದೆ" ಎನ್ನುವಲ್ಲಿ ಆ "ತರ"ದೊಳಗೆ ಏನು ಅಡಗಿದೆ ಅಂತ ನೋಡಬೇಕು.

ಹಾಗಾದರೆ ಮೇನ್‌ಗೆ ಆಗದ್ದನ್ನೆಲ್ಲ ನಾನ್-ಫ್ರೀಗೆ ಹಾಕಿದರಾಯಿತು, ಅಲ್ವಾ?

ಇಲ್ಲ. ಜನ ಜಾಸ್ತಿ ಎಡವುವುದೇ ಇಲ್ಲಿ. ಪ್ರಶ್ನೆ ಎರಡಿವೆ, ಎರಡನ್ನೂ ಬೇರೆ ಬೇರೆ ಕೇಳಬೇಕು. ಇದು ಫ್ರೀ ಹೌದಾ? ಅಲ್ಲದಿದ್ದರೆ, ಇದನ್ನು ಹಂಚಲು ನಮಗೆ ಅನುಮತಿಯಾದರೂ ಇದೆಯಾ? ಎರಡನೆಯದಕ್ಕೂ "ಇಲ್ಲ" ಅಂತಾದರೆ ನಾನ್-ಫ್ರೀಯಲ್ಲೂ ಜಾಗವಿಲ್ಲ.

ಎನ್‌ವಿಡಿಯಾ ಡ್ರೈವರ್ ನಾನ್-ಫ್ರೀಯಲ್ಲಿ ಇರುವುದು ಅದರ ಲೈಸೆನ್ಸ್ ಲಿನಕ್ಸ್‌ಗಾಗಿ ಹಂಚಲು ಬಿಡುವುದರಿಂದ. ಬೈನರಿ ಫೈಲುಗಳನ್ನು (ಕಂಪೈಲ್ ಆಗಿ ಯಂತ್ರ ಓಡಿಸುವ ರೂಪ) ಮುಟ್ಟಬಾರದು ಎಂಬ ಷರತ್ತು ಮಾತ್ರ ಇದೆ. ಹಾಗಾಗಿ ಆ ಪ್ಯಾಕೇಜಿನಲ್ಲಿ ಮೇಂಟೇನರ್ ಮಾಡಬಹುದಾದ ಕೆಲಸ ಬೈನರಿಯ ಸುತ್ತಮುತ್ತಲಿನದು ಮಾತ್ರ.

ಹಂಚುವ ಅನುಮತಿ ಮುಂದಿನ ಆವೃತ್ತಿಗಳಿಗೆ ಸಿಗದೆ ಹೋಗುವುದೂ ಉಂಟು. 2006ರಲ್ಲಿ ಸನ್ ಕಂಪನಿ ಲಿನಕ್ಸ್ ಡಿಸ್ಟ್ರೊಗಳಿಗೆಂದೇ ಜಾವಾ ಹಂಚುವ ಒಂದು ಲೈಸೆನ್ಸ್ ಕೊಟ್ಟಿತು. ಡೆಬಿಯನ್ ನಾನ್-ಫ್ರೀಗೆ ಸನ್ ಜಾವಾ ಬಂತು. 2011ರಲ್ಲಿ, ಸನ್ ಅನ್ನು ಕೊಂಡಿದ್ದ ಓರಾಕಲ್ ಆ ಲೈಸೆನ್ಸ್ ನಿಲ್ಲಿಸಿತು. ಹೊಸ ಭದ್ರತಾ ಆವೃತ್ತಿಗಳನ್ನು ಹಂಚುವ ಹಾಗಿಲ್ಲ ಅಂದಮೇಲೆ ಪ್ಯಾಕೇಜನ್ನು ತೆಗೆಯದೆ ಬೇರೆ ದಾರಿ ಇರಲಿಲ್ಲ. ಅಷ್ಟರಲ್ಲಿ ಜಾವಾದ ಸ್ವತಂತ್ರ ರೂಪವಾದ ಓಪನ್‌ಜೆಡಿಕೆ ಮೇನ್‌ನಲ್ಲಿ ಇದ್ದದ್ದರಿಂದ ಜನ ಬಚಾವಾದರು.

ಲೈಸೆನ್ಸ್ ಫೈಲೇ ಇಲ್ಲದ ಕೋಡ್?

ಹಂಚುವ ಹಾಗಿಲ್ಲ. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುತ್ತದೆ ಎಂದಾಕ್ಷಣ ಅನುಮತಿ ಕೊಟ್ಟಂತಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಸೇರುತ್ತದೆ. ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಬರೆದವರು ಬಿಟ್ಟುಕೊಟ್ಟರೆ ಮಾತ್ರ ನಾವು ಮುಟ್ಟಬಹುದು.

ಕಾಂಟ್ರಿಬ್ ಯಾಕೆ ಬೇಕು?

ತಾನು ಫ್ರೀ, ಆದರೆ ಓಡಲು ಅಥವಾ ಕಂಪೈಲ್ ಆಗಲು ಮೇನ್‌ನ ಹೊರಗಿನದೇನೋ ಬೇಕು. ಅಂಥವು ಕಾಂಟ್ರಿಬ್‌ಗೆ ಹೋಗುತ್ತವೆ. ಮೈಕ್ರೋಸಾಫ್ಟ್‌ನ ಏರಿಯಲ್, ಟೈಮ್ಸ್ ನ್ಯೂ ರೋಮನ್ ಫಾಂಟ್‌ಗಳನ್ನು ಹಾಕುವ ಇನ್‌ಸ್ಟಾಲರ್ ಇದಕ್ಕೆ ಒಳ್ಳೆಯ ಉದಾಹರಣೆ. ಪ್ಯಾಕೇಜಿನೊಳಗೆ ಫಾಂಟ್ ಇಲ್ಲ. ಇರುವುದು ಒಂದು ಸ್ಕ್ರಿಪ್ಟ್. ಅದು ಮೊದಲು ಲೈಸೆನ್ಸ್ ತೋರಿಸಿ ಒಪ್ಪಿಗೆ ಕೇಳುತ್ತದೆ, ಆಮೇಲೆ ಫಾಂಟ್‌ಗಳನ್ನು ಇಂಟರ್ನೆಟ್ಟಿನಿಂದ ನಿಮ್ಮ ಯಂತ್ರಕ್ಕೆ ಇಳಿಸುತ್ತದೆ.

ಯಂತ್ರದೊಳಗೆ ಇನ್ನೊಂದು ಯಂತ್ರ ನಡೆಸುವ ವರ್ಚುವಲ್‌ಬಾಕ್ಸ್ ಕೂಡ ಕಾಂಟ್ರಿಬ್‌ನಲ್ಲಿದೆ. ಕೋಡ್ ಜಿಪಿಎಲ್ ಎಂಬ ಸ್ವತಂತ್ರ ಲೈಸೆನ್ಸಿನಲ್ಲಿದೆ. ಆದರೆ ಅದರ ಬಯಾಸ್ ಕಟ್ಟಲು ಓಪನ್ ವಾಟ್‌ಕಾಮ್ ಎಂಬ ಕಂಪೈಲರ್ ಬೇಕು. ಹೆಸರಿನಲ್ಲಿ "ಓಪನ್" ಇದ್ದರೂ ಅದರ ಲೈಸೆನ್ಸ್ ಡೆಬಿಯನ್ ಲೆಕ್ಕದಲ್ಲಿ ಫ್ರೀ ಅಲ್ಲ.

ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇವೆರಡಕ್ಕೂ ಹೊಂದದ ಒಂದು ಪ್ರಕರಣ. ಅದರ ಸಿಡಿಡಿಎಲ್ ಲೈಸೆನ್ಸ್ ಫ್ರೀಯೇ, ಲಿನಕ್ಸ್ ಕರ್ನಲ್‌ನ ಜಿಪಿಎಲ್ ಕೂಡ ಫ್ರೀಯೇ. ಆದರೆ ಎರಡನ್ನೂ ಸೇರಿಸಿ ಕಟ್ಟಿದ ಬೈನರಿಯನ್ನು ಹಂಚಬಹುದೇ ಎಂಬುದರಲ್ಲಿ ಒಮ್ಮತವಿಲ್ಲ. ಡೆಬಿಯನ್ ಅದನ್ನು ಸೋರ್ಸ್ ರೂಪದಲ್ಲೇ ಕಾಂಟ್ರಿಬ್‌ನಲ್ಲಿ ಇಟ್ಟಿದೆ, ಕಂಪೈಲ್ ಆಗುವುದು ನಿಮ್ಮ ಯಂತ್ರದಲ್ಲಿ. ಉಬುಂಟು 2016ರಿಂದ ಕಟ್ಟಿದ ಮಾಡ್ಯೂಲನ್ನೇ ಕೊಡುತ್ತಿದೆ. ಇಬ್ಬರ ವಕೀಲರೂ ಬೇರೆ ಬೇರೆ, ಅಷ್ಟೇ.

ಮೇನ್‌ನ ಪ್ಯಾಕೇಜ್ ನಾನ್-ಫ್ರೀ ಪ್ಯಾಕೇಜನ್ನು ಅವಲಂಬಿಸಬಹುದಾ?

"ಡಿಪೆಂಡ್ಸ್" (ಅದಿಲ್ಲದೆ ನಡೆಯದು) ಆಗದು, "ರೆಕಮೆಂಡ್ಸ್" (ಸಾಮಾನ್ಯವಾಗಿ ಜೊತೆಗಿರಬೇಕು) ಆಗದು, "ಬಿಲ್ಡ್-ಡಿಪೆಂಡ್ಸ್" (ಕಂಪೈಲ್ ಮಾಡಲು ಬೇಕು) ಆಗದು. "ಸಜೆಸ್ಟ್ಸ್" (ಇದ್ದರೆ ಒಳ್ಳೆಯದು) ಆಗಬಹುದು. ಮೇನ್‌ನಲ್ಲೇ ಇರುವ ಪ್ಯಾಕೇಜನ್ನು ಮೊದಲು ಹೆಸರಿಸಿ ನಾನ್-ಫ್ರೀಯದನ್ನು ಅದರ ನಂತರದ ಪರ್ಯಾಯವಾಗಿ ಹಾಕುವುದಕ್ಕೂ ಅಡ್ಡಿಯಿಲ್ಲ.

ಫರ್ಮ್‌ವೇರ್‌ಗೆ ಮಾತ್ರ ಬೇರೆ ವಿಭಾಗ ಯಾಕೆ?

ವೈಫೈ ಚಿಪ್, ಗ್ರಾಫಿಕ್ಸ್ ಕಾರ್ಡ್, ಬ್ಲೂಟೂತ್ ಇವುಗಳಿಗೆಲ್ಲ ಯಂತ್ರ ಶುರುವಾದಾಗ ಒಂದು ಬೈನರಿ ತುಂಬಬೇಕಾಗುತ್ತದೆ. ಅದು ನಿಮ್ಮ ಪ್ರೊಸೆಸರ್‌ನಲ್ಲಿ ಓಡುವುದಿಲ್ಲ, ಆ ಸಾಧನದೊಳಗೆ ಓಡುತ್ತದೆ. ಹೆಚ್ಚಿನವಕ್ಕೆ ಸೋರ್ಸ್ ಇಲ್ಲ. ಹಾಗಾಗಿ ಬಹಳ ವರ್ಷ ಅವೆಲ್ಲ ನಾನ್-ಫ್ರೀಯಲ್ಲಿ ಇದ್ದವು, ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇರುತ್ತಿರಲಿಲ್ಲ.

ಅದರ ಪರಿಣಾಮ ಏನಾಗುತ್ತಿತ್ತು ನೋಡಿ. ಈಥರ್ನೆಟ್ ಕಿಂಡಿಯೇ ಇಲ್ಲದ ತೆಳು ಲ್ಯಾಪ್‌ಟಾಪ್. ಅಧಿಕೃತ ಇಮೇಜ್ ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡುತ್ತೀರಿ. ಅರ್ಧದಲ್ಲಿ ಇನ್‌ಸ್ಟಾಲರ್ ನಿಂತು, ಈ ಹೆಸರಿನ ಫರ್ಮ್‌ವೇರ್ ಫೈಲ್ ಬೇಕು, ಬೇರೆ ಡ್ರೈವ್‌ನಲ್ಲಿ ತಂದುಕೊಡಿ ಎನ್ನುತ್ತದೆ. ನೆಟ್ ಇಲ್ಲದೆ ಫರ್ಮ್‌ವೇರ್ ಇಲ್ಲ, ಫರ್ಮ್‌ವೇರ್ ಇಲ್ಲದೆ ನೆಟ್ ಇಲ್ಲ. ಫರ್ಮ್‌ವೇರ್ ಸೇರಿಸಿದ "ಅನಧಿಕೃತ" ಇಮೇಜ್ ಒಂದಿತ್ತು ನಿಜ, ಆದರೆ ಗೊತ್ತಿದ್ದವರಿಗೆ ಮಾತ್ರ ಅದು ಕೈಗೆ ಸಿಗುತ್ತಿತ್ತು.

2022ರಲ್ಲಿ ಡೆಬಿಯನ್ ಸದಸ್ಯರು ಇದನ್ನು ಮತಕ್ಕೆ ಹಾಕಿದರು. ಸಾಮಾಜಿಕ ಒಪ್ಪಂದಕ್ಕೇ ಒಂದು ವಾಕ್ಯ ಸೇರಿತು: ಹಾರ್ಡ್‌ವೇರ್‌ಗೆ ಬೇಕಾದರೆ, ಡೆಬಿಯನ್‌ನ ಭಾಗವಲ್ಲದ ಫರ್ಮ್‌ವೇರ್ ಅಧಿಕೃತ ಮಾಧ್ಯಮದಲ್ಲಿ ಇರಬಹುದು. ಜೂನ್ 2023ರಲ್ಲಿ ಬಂದ ಡೆಬಿಯನ್ 12ರಿಂದ ಹೊಸ ವಿಭಾಗ ಮತ್ತು ಒಂದೇ ಇನ್‌ಸ್ಟಾಲರ್. ಫರ್ಮ್‌ವೇರ್ ಬೇಡ ಎನ್ನುವವರು ಬೂಟ್ ಮಾಡುವಾಗಲೇ ಅದನ್ನು ಆಫ್ ಮಾಡಬಹುದು.

ವಿಭಾಗ ಬೇರೆ ಮಾಡಿದ್ದು ನನ್ನ ಮಟ್ಟಿಗೆ ಇಡೀ ತೀರ್ಮಾನದ ಜಾಣತನ. ಮೊದಲು ವೈಫೈಗೋಸ್ಕರ ನಾನ್-ಫ್ರೀ ಬಾಗಿಲು ತೆರೆದರೆ ಎನ್‌ವಿಡಿಯಾ, ಅನ್‌ರಾರ್ ಎಲ್ಲವೂ ಜೊತೆಗೇ ಒಳಗೆ ಬರುತ್ತಿದ್ದವು. ಈಗ ಫರ್ಮ್‌ವೇರ್ ಒಂದಕ್ಕೇ ಹೂಂ ಅನ್ನಬಹುದು.

ಡೆಬಿಯನ್ 11ರಿಂದ 12ಕ್ಕೆ ಬಂದೆ. ಫರ್ಮ್‌ವೇರ್ ಅಪ್‌ಡೇಟ್ ಬರುತ್ತಿಲ್ಲ.

ಯಾವ ವಿಭಾಗಗಳಿಂದ ಇಳಿಸಬೇಕೆಂದು ಆಪ್ಟ್‌ಗೆ ಹೇಳುವ ಸೋರ್ಸಸ್ ಲಿಸ್ಟ್ ತೆರೆದು ನೋಡಿ. ಬರೀ "ನಾನ್-ಫ್ರೀ" ಇದ್ದರೆ ಸಾಲದು, ಅದರ ಪಕ್ಕ "ನಾನ್-ಫ್ರೀ-ಫರ್ಮ್‌ವೇರ್" ಅಂತಲೂ ಸೇರಿಸಬೇಕು. ಆಪ್ಟ್ ಇದನ್ನು ಒಂದು ಸೂಚನೆಯಾಗಿ ತೋರಿಸುತ್ತದೆ, ನಾವು ಓದುವುದಿಲ್ಲ. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಮೈಕ್ರೋಕೋಡ್ (ಪ್ರೊಸೆಸರ್‌ನದೇ ಫರ್ಮ್‌ವೇರ್) ಕೂಡ ಅಲ್ಲಿಗೇ ಹೋಗಿದೆ. ಅದು ಭದ್ರತೆಯ ವಿಷಯ, ಸುಮ್ನೆ ಬಿಡಬೇಡಿ.

ಪೂರ್ತಿ ಪ್ರಾಜೆಕ್ಟ್ ಫ್ರೀ, ಒಳಗೆ ಒಂದೆರಡು ಫೈಲ್ ಮಾತ್ರ ಅಲ್ಲ. ಏನು ಮಾಡಲಿ?

ಅವನ್ನು ತೆಗೆದು ಟಾರ್‌ಬಾಲನ್ನು (ಸೋರ್ಸ್ ಎಲ್ಲ ಒಟ್ಟಿಗಿರುವ ಫೈಲ್) ಮತ್ತೆ ಕಟ್ಟಿ. ಬೈನರಿ ಪ್ಯಾಕೇಜಿನಿಂದ ತೆಗೆದರೆ ಸಾಲದು, ಮೇನ್‌ನ ಸೋರ್ಸ್ ಪ್ಯಾಕೇಜೂ ಪೂರ್ತಿ ಫ್ರೀ ಇರಬೇಕು. ಪ್ಯಾಕೇಜಿನ ಲೈಸೆನ್ಸ್ ವಿವರ ಇರುವ ಕಾಪಿರೈಟ್ ಫೈಲಿನ ಮೇಲ್ಭಾಗದಲ್ಲಿ "ಫೈಲ್ಸ್-ಎಕ್ಸ್‌ಕ್ಲೂಡೆಡ್" ಅಂತ ಬರೆದು ಹೆಸರುಗಳನ್ನು ಕೊಟ್ಟರೆ, ಯೂಸ್ಕ್ಯಾನ್ ಎಂಬ ಸಾಧನ ಹೊಸ ಆವೃತ್ತಿ ಇಳಿಸುವಾಗ ಅವನ್ನು ತಾನೇ ತೆಗೆಯುತ್ತದೆ. ಆವೃತ್ತಿ ಸಂಖ್ಯೆಯ ಕೊನೆಗೆ ಪ್ಲಸ್ ಚಿಹ್ನೆ ಹಾಕಿ "ಡಿಎಫ್‌ಎಸ್‌ಜಿ" ಅಂತ ಸೇರಿಸುವುದು ರೂಢಿ. ಅದನ್ನು ಕಂಡವರಿಗೆ ಇಲ್ಲಿ ಏನೋ ತೆಗೆದಿದ್ದಾರೆ ಅಂತ ತಿಳಿಯುತ್ತದೆ.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಒತ್ತಿ ಕುಗ್ಗಿಸಿದ ಜಾವಾಸ್ಕ್ರಿಪ್ಟ್. ಡಾಕ್ಯುಮೆಂಟೇಶನ್ ಫೋಲ್ಡರಿನೊಳಗೆ ಎಲ್ಲೋ ಒಂದು ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಇರುತ್ತದೆ, ಎಲ್ಲ ಒಂದೇ ಸಾಲಿನಲ್ಲಿ. ಲೈಸೆನ್ಸ್ ಎಂಐಟಿ, ಸಮಸ್ಯೆ ಅದಲ್ಲ. ಮನುಷ್ಯರು ತಿದ್ದುವ ರೂಪದ ಸೋರ್ಸ್ ಜೊತೆಗಿಲ್ಲ, ಸಮಸ್ಯೆ ಅದು. ಆ ಫೈಲ್ ತೆಗೆದು, ಡೆಬಿಯನ್‌ನಲ್ಲೇ ಇರುವ ಜೆಕ್ವೆರಿ ಪ್ಯಾಕೇಜಿಗೆ ಕೊಂಡಿ ಹಾಕಿದರೆ ಮುಗಿಯಿತು.

ಮ್ಯಾನುಯಲ್, ಚಿತ್ರ, ಧ್ವನಿಗೂ ಇದೇ ನಿಯಮವಾ?

ಹೌದು. 2004ರಲ್ಲಿ ಸಾಮಾಜಿಕ ಒಪ್ಪಂದದ ಮಾತನ್ನು ತಿದ್ದಿ ಇದನ್ನು ಸ್ಪಷ್ಟ ಮಾಡಿದರು. ಗ್ನೂ ಡಾಕ್ಯುಮೆಂಟೇಶನ್ ಲೈಸೆನ್ಸ್‌ನಲ್ಲಿ "ಬದಲಿಸಬಾರದ ಭಾಗ" ಎಂಬ ಆಯ್ಕೆ ಇದೆ. ಅಂಥ ಭಾಗ ಇಲ್ಲದ ಮ್ಯಾನುಯಲ್ ಮೇನ್‌ಗೆ ಸರಿ ಎಂದು 2006ರ ಮತದಾನ ತೀರ್ಮಾನಿಸಿತು. ಇದ್ದರೆ ನಾನ್-ಫ್ರೀ. ಇಮ್ಯಾಕ್ಸ್ ಎಂಬ ಎಡಿಟರ್ ಮೇನ್‌ನಲ್ಲಿ, ಇಮ್ಯಾಕ್ಸ್‌ನ ಮ್ಯಾನುಯಲ್ ನಾನ್-ಫ್ರೀಯಲ್ಲಿ! ಜಿಸಿಸಿ ಕಂಪೈಲರ್‌ನದೂ ಅದೇ ಗತಿ. ಸ್ವತಂತ್ರ ತಂತ್ರಾಂಶ ಚಳವಳಿಯ ಮೂಲಪುರುಷ ರಿಚರ್ಡ್ ಸ್ಟಾಲ್‌ಮನ್‌ರ ಮನೆಯ ಪುಸ್ತಕವನ್ನೇ ಹೊರಗಿಟ್ಟರು ಅಂತ ಆಗ ದೊಡ್ಡ ಜಗಳವೇ ಆಗಿತ್ತು.

ಕ್ರಿಯೇಟಿವ್ ಕಾಮನ್ಸ್‌ನಲ್ಲಿ "ವಾಣಿಜ್ಯೇತರ" ಮತ್ತು "ಬದಲಾವಣೆ ಬೇಡ" ಇರುವವು ನಾನ್-ಫ್ರೀ. ಬೈ-ಎಸ್‌ಎ (ಲೇಖಕರ ಹೆಸರು ಹೇಳಿ, ಅದೇ ಲೈಸೆನ್ಸಿನಲ್ಲಿ ಹಂಚಿ ಎನ್ನುವುದು) 3.0, 4.0 ಮೇನ್‌ಗೆ ಆಗುತ್ತವೆ.

ಲೇಖಕರಿಗೆ ಬರೆದೆ. "ಡೆಬಿಯನ್‌ನವರು ಧಾರಾಳವಾಗಿ ಹಂಚಿ" ಅಂದರು. ಸಾಕಾ?

ಮೇನ್‌ಗೆ ಸಾಲದು. ಮಾರ್ಗಸೂಚಿಯ ಎಂಟನೇ ಅಂಶ ಇರುವುದೇ ಇದಕ್ಕೆ: ಹಕ್ಕು ಡೆಬಿಯನ್‌ಗೆ ಮಾತ್ರ ಸೀಮಿತ ಆಗಿರಬಾರದು. ಡೆಬಿಯನ್‌ನಿಂದ ತೆಗೆದುಕೊಂಡವರಿಗೂ, ಅವರಿಂದ ತೆಗೆದುಕೊಂಡವರಿಗೂ ಅದೇ ಹಕ್ಕು ಇರಬೇಕು. ನಾನ್-ಫ್ರೀಗಾದರೆ ಇಂಥ ಅನುಮತಿ ನಡೆಯುತ್ತದೆ. ಮೇಲ್‌ನ ಪಠ್ಯವನ್ನು ಹಾಗೇ ಕಾಪಿರೈಟ್ ಫೈಲಿಗೆ ಹಾಕಿ.

ಲೇಖಕರಿಗೆ ಬರೆಯುವಾಗ ತತ್ವ ಬೋಧಿಸಬೇಡಿ. "ನಿಮ್ಮ ಪ್ರೋಗ್ರಾಮ್ ಡೆಬಿಯನ್‌ಗೆ ಸೇರಿಸಬೇಕು ಅಂತಿದ್ದೇನೆ. ಲೈಸೆನ್ಸಿನ ಈ ಒಂದು ಸಾಲು ಅಡ್ಡ ಬರುತ್ತಿದೆ. ತೆಗೆಯಲು ಆಗುತ್ತದಾ?" ಇಷ್ಟೇ ಸಾಕು. ಎಷ್ಟೋ ಜನ ಯಾವುದೋ ಕಾಲದಲ್ಲಿ ಎಲ್ಲಿಂದಲೋ ಕಾಪಿ ಮಾಡಿದ ಸಾಲು ಅದಾಗಿರುತ್ತದೆ, ಮರುದಿನವೇ ತೆಗೆಯುತ್ತಾರೆ.

ಕನ್ನಡ ಫಾಂಟ್‌ಗಳ ಸ್ಥಿತಿ ಏನು?

ಚೆನ್ನಾಗಿದೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಎಲ್ಲವೂ ಮೇನ್‌ನಲ್ಲಿವೆ. ಲೋಹಿತ್ ಮೊದಲು ಜಿಪಿಎಲ್ ಅಡಿ ಇತ್ತು, 2011ರಲ್ಲಿ ಓಪನ್ ಫಾಂಟ್ ಲೈಸೆನ್ಸ್‌ಗೆ ಬಂತು. "ಫಾಂಟ್ ಒಂದನ್ನೇ ಮಾರಬಾರದು" ಎನ್ನುವ ಸಾಲು ಆ ಲೈಸೆನ್ಸ್‌ನಲ್ಲಿದೆಯಲ್ಲ ಅಂತ ಕೇಳುತ್ತಾರೆ. ಯಾವುದಾದರೂ ತಂತ್ರಾಂಶದ ಜೊತೆ ಸೇರಿಸಿ ಮಾರಬಹುದು ಅಂತಲೂ ಇದೆ, ಮಾರ್ಗಸೂಚಿಗೆ ಅಷ್ಟು ಸಾಕು. "ವೈಯಕ್ತಿಕ ಬಳಕೆಗೆ ಉಚಿತ" ಅಂತ ಬರೆದು ಹಂಚುವ ಚಂದದ ಕನ್ನಡ ಫಾಂಟ್‌ಗಳು ಮಾತ್ರ ಮೇನ್‌ಗೆ ಬರುವುದಿಲ್ಲ. ಉಚಿತ ಅಂದರೂ ಸ್ವತಂತ್ರ ಅಂದರೂ ಒಂದೇ ಅಂದುಕೊಂಡು ಪತ್ರಿಕೆಯ ಪುಟಕ್ಕೋ ಆಮಂತ್ರಣಕ್ಕೋ ಬಳಸಿಬಿಡುವವರು ಬೇಕಾದಷ್ಟು ಮಂದಿ.

ಮೇನ್‌ನಲ್ಲಿದ್ದ ಪ್ರೋಗ್ರಾಮ್ ಲೈಸೆನ್ಸ್ ಬದಲಿಸಿದರೆ?

ಹಳೆಯ ಆವೃತ್ತಿ ಹಳೆಯ ಲೈಸೆನ್ಸಿನಲ್ಲೇ ಉಳಿಯುತ್ತದೆ, ಕೊಟ್ಟ ಹಕ್ಕು ವಾಪಸ್ ಹೋಗುವುದಿಲ್ಲ. ಆದರೆ ಅದಕ್ಕೆ ಭದ್ರತಾ ತೇಪೆ ಹಾಕುವವರು ಯಾರು? ನಿಜವಾದ ತಲೆನೋವು ಅದು.

ಮಾಂಗೋಡಿಬಿ ಎಂಬ ಡೇಟಾಬೇಸ್ 2018ರ ಅಕ್ಟೋಬರ್‌ನಲ್ಲಿ ಎಸ್‌ಎಸ್‌ಪಿಎಲ್ ಎಂಬ ಹೊಸ ಲೈಸೆನ್ಸಿಗೆ ಹೋಯಿತು. ಅದನ್ನು ಸೇವೆಯಾಗಿ ಕೊಡುವವರು ಸುತ್ತಲಿನ ನಿರ್ವಹಣಾ ತಂತ್ರಾಂಶದ ಸೋರ್ಸನ್ನೂ ಬಿಚ್ಚಿಡಬೇಕು ಎನ್ನುತ್ತದೆ ಆ ಲೈಸೆನ್ಸ್. 2019ರ ಡೆಬಿಯನ್ 10ರಲ್ಲಿ ಮಾಂಗೋಡಿಬಿ ಇರಲಿಲ್ಲ. ಇನ್ನೊಂದು ಡೇಟಾಬೇಸ್ ರೆಡಿಸ್ 2024ರ ಮಾರ್ಚ್‌ನಲ್ಲಿ ಅದೇ ಹಾದಿ ಹಿಡಿಯಿತು. ಕೆಲವೇ ದಿನಗಳಲ್ಲಿ ಹಳೆಯ ಕೋಡಿನಿಂದ ವಾಲ್‌ಕೀ ಎಂಬ ಕವಲು ಲಿನಕ್ಸ್ ಫೌಂಡೇಶನ್ ಅಡಿ ಹುಟ್ಟಿತು. 2025ರಲ್ಲಿ ರೆಡಿಸ್ ಎಜಿಪಿಎಲ್ ಎಂಬ ಸ್ವತಂತ್ರ ಲೈಸೆನ್ಸಿನ ಆಯ್ಕೆಯನ್ನೂ ಕೊಟ್ಟು ಅರ್ಧ ಹಿಂದಕ್ಕೆ ಬಂತು. ಮೇಂಟೇನರ್ ಆಗಿ ಇಂಥ ಹೊತ್ತಿನಲ್ಲಿ ಅವಸರ ಬೇಡ. ಕವಲಿನ ಹಿಂದೆ ಜನ ನಿಲ್ಲುತ್ತಾರಾ ಅಂತ ಸ್ವಲ್ಪ ಕಾದು ನೋಡಿ.

ಬಿಸಿನೆಸ್ ಸೋರ್ಸ್ ಲೈಸೆನ್ಸ್ ಇದ್ದರೆ ಅದರಲ್ಲಿ ಒಂದು ತಾರೀಕು ಇರುತ್ತದೆ. ಪ್ರತಿ ಆವೃತ್ತಿಯೂ ಹೆಚ್ಚೆಂದರೆ ನಾಲ್ಕು ವರ್ಷಕ್ಕೆ ಫ್ರೀ ಆಗುತ್ತದೆ. ಅಷ್ಟರಲ್ಲಿ ಅದು ಹಳಸಿರುತ್ತದೆ ಅನ್ನುವುದು ಬೇರೆ ಮಾತು.

ನಾನ್-ಫ್ರೀ ಪ್ಯಾಕೇಜ್‌ಗೆ ಭದ್ರತಾ ಅಪ್‌ಡೇಟ್ ಬರುತ್ತದಾ?

ಖಾತರಿ ಇಲ್ಲ. ಡೆಬಿಯನ್ ಭದ್ರತಾ ತಂಡದ ಹೊಣೆ ಮೇನ್‌ಗೆ ಮಾತ್ರ. ಸೋರ್ಸ್ ಇಲ್ಲದ್ದನ್ನು ಅವರಾದರೂ ಹೇಗೆ ಸರಿಪಡಿಸುತ್ತಾರೆ? ಬಗ್ ದಾಖಲಿಸಲು ಜಾಗ ಇದೆ, ಉತ್ತರ ಮೇಂಟೇನರ್ ಮೇಲೆ, ಅವರ ಮೇಲೆ ಆ ಕಂಪನಿ.

ಇನ್ನೊಂದು ವಿಷಯ, ನಾನ್-ಫ್ರೀ ಪ್ಯಾಕೇಜುಗಳನ್ನು ಡೆಬಿಯನ್ ಸರ್ವರ್‌ಗಳು ತಾವಾಗಿ ಕಟ್ಟುವುದಿಲ್ಲ. ಕಟ್ಟಲು ಲೈಸೆನ್ಸ್ ಬಿಡುತ್ತದೆಂದು ಮೇಂಟೇನರ್ ಕಾಪಿರೈಟ್ ಫೈಲಿನಲ್ಲಿ ವಿವರಿಸಿ, ಕಂಟ್ರೋಲ್ ಫೈಲಿನಲ್ಲಿ "ಎಕ್ಸ್‌ಎಸ್-ಆಟೋಬಿಲ್ಡ್: ಯೆಸ್" ಎಂಬ ಗುರುತು ಹಾಕಿ, ಸಂಬಂಧಪಟ್ಟವರ ಒಪ್ಪಿಗೆ ಪಡೆಯಬೇಕು.

ನನ್ನ ಯಂತ್ರದಲ್ಲಿ ಎಷ್ಟು ನಾನ್-ಫ್ರೀ ಇದೆ ಅಂತ ನೋಡುವುದು ಹೇಗೆ?

"ಚೆಕ್-ಡಿಎಫ್‌ಎಸ್‌ಜಿ-ಸ್ಟೇಟಸ್" ಎಂಬ ಪ್ಯಾಕೇಜ್ ಹಾಕಿ ಓಡಿಸಿ, ಪಟ್ಟಿ ಕೊಡುತ್ತದೆ. ಮೊದಲು ಈ ಕೆಲಸಕ್ಕೆ "ವಿಆರ್‌ಎಂಎಸ್" ಇತ್ತು. ವರ್ಚುವಲ್ ರಿಚರ್ಡ್ ಸ್ಟಾಲ್‌ಮನ್ ಅಂತ ಬಿಡಿಸಿ ಹೇಳುತ್ತಿದ್ದರು. ಒಂದೊಂದು ಪ್ಯಾಕೇಜಿನ ಲೈಸೆನ್ಸ್ ಓದಬೇಕಾದರೆ ಯೂಸರ್-ಶೇರ್-ಡಾಕ್ ಕೆಳಗೆ ಆ ಪ್ಯಾಕೇಜಿನ ಫೋಲ್ಡರಿನಲ್ಲಿ ಕಾಪಿರೈಟ್ ಫೈಲ್ ಇರುತ್ತದೆ.

ಕಚೇರಿಯ ಒಳಗಿನ ರೆಪೊದಲ್ಲೂ ಇಷ್ಟೆಲ್ಲ ಬೇಕಾ?

ಡಿಎಫ್‌ಎಸ್‌ಜಿ ನಿಮ್ಮನ್ನು ಕಟ್ಟಿಹಾಕುವುದಿಲ್ಲ, ಲೈಸೆನ್ಸ್ ಕಟ್ಟಿಹಾಕುತ್ತದೆ. ಬೆಂಗಳೂರಿನ ಕಂಪನಿಗಳಲ್ಲಿ ಸಾಮಾನ್ಯವಾಗಿ ಆಪ್ಟ್‌ಲಿ, ರೆಪ್ರೆಪ್ರೊ ತರದ ರೆಪೊ ಕಟ್ಟುವ ಸಾಧನದಲ್ಲಿ ಒಂದು ರೆಪೊ ಮಾಡಿ, ಎಲ್ಲವನ್ನೂ "ಮೇನ್" ಅಂತ ಒಂದೇ ಕಡೆ ಸುರಿಯುತ್ತಾರೆ. ಆರು ತಿಂಗಳ ನಂತರ ಗ್ರಾಹಕರಿಗೆ ಡಾಕರ್ ಇಮೇಜ್ (ಪ್ಯಾಕೇಜುಗಳನ್ನೆಲ್ಲ ಒಳಗೊಂಡ ಸಿದ್ಧ ಕಟ್ಟು) ಕಳಿಸುವಾಗ ಯಾವುದನ್ನು ಹೊರಗೆ ಕೊಡಬಹುದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಮೇಜ್ ಕಳಿಸುವುದೂ ಹಂಚಿಕೆಯೇ. ಮೊದಲ ದಿನವೇ ಎರಡು ವಿಭಾಗ ಮಾಡಿ: ಹೊರಗೆ ಕೊಡಬಹುದಾದ್ದು, ಒಳಗೇ ಇರಬೇಕಾದ್ದು.

ಡೆಬಿಯನ್ ಮಿರರ್ ನಡೆಸುವವರಿಗೆ, ಸಿಡಿ ಮಾರುವವರಿಗೂ ಇದೇ ಮಾತು. ನಾನ್-ಫ್ರೀಯ ಪ್ರತಿ ಪ್ಯಾಕೇಜಿನ ಲೈಸೆನ್ಸನ್ನು ನೀವೇ ಓದಿ ನಿರ್ಧರಿಸಿ ಎಂದು ಸಾಮಾಜಿಕ ಒಪ್ಪಂದವೇ ಹೇಳುತ್ತದೆ.

ಬೇರೆ ಡಿಸ್ಟ್ರೊಗಳು ಏನು ಮಾಡುತ್ತವೆ?

ಉಬುಂಟುವಿನಲ್ಲಿ ನಾನ್-ಫ್ರೀಗೆ ರಿಸ್ಟ್ರಿಕ್ಟೆಡ್ ಮತ್ತು ಮಲ್ಟಿವರ್ಸ್ ಎಂಬ ವಿಭಾಗಗಳಿವೆ. ಫೆಡೋರಾ ಫರ್ಮ್‌ವೇರ್ ಬಿಟ್ಟು ಬೇರೆ ನಾನ್-ಫ್ರೀ ಇಟ್ಟುಕೊಳ್ಳುವುದಿಲ್ಲ, ಜನ ಆರ್‌ಪಿಎಂ ಫ್ಯೂಶನ್ ಎಂಬ ಹೊರಗಿನ ರೆಪೊಗೆ ಹೋಗುತ್ತಾರೆ. ನಿಕ್ಸ್‌ನಲ್ಲಿ ಎಲ್ಲ ಒಂದೇ ಕಡೆ ಇದ್ದರೂ, ಅನುಮತಿ ಇದೆ ಎಂದು ನೀವು ಸೆಟ್ಟಿಂಗ್‌ನಲ್ಲಿ ಬರೆಯುವ ತನಕ ನಾನ್-ಫ್ರೀ ಇಳಿಯುವುದಿಲ್ಲ. ಗಿಕ್ಸ್‌ನಲ್ಲಿ ಆ ಮಾತೇ ಇಲ್ಲ, ಫರ್ಮ್‌ವೇರ್ ಕೂಡ ಸಿಗುವುದಿಲ್ಲ.

ಟ್ರೇಡ್‌ಮಾರ್ಕ್ ಇದ್ದರೆ ಅದೂ ನಾನ್-ಫ್ರೀ ಆಗುತ್ತದಾ?

ಹಾಗೇನಿಲ್ಲ. ತಿದ್ದಿದ ಮೇಲೆ ಹೆಸರು ಬದಲಿಸಿ ಎಂದು ಕೇಳುವುದಕ್ಕೆ ಮಾರ್ಗಸೂಚಿಯ ನಾಲ್ಕನೇ ಅಂಶ ಅವಕಾಶ ಕೊಡುತ್ತದೆ. ಫೈರ್‌ಫಾಕ್ಸ್ ವಿಷಯದಲ್ಲಿ ಆದದ್ದು ಅದೇ. ಡೆಬಿಯನ್ ತನ್ನ ತೇಪೆಗಳನ್ನು ಹಾಕಿಕೊಳ್ಳುತ್ತಿತ್ತು, ಲೋಗೊ ಚಿತ್ರದ ಲೈಸೆನ್ಸ್ ಫ್ರೀ ಇರಲಿಲ್ಲ, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಆ ಹೆಸರು ಹಾಗೆ ಬಳಸಬೇಡಿ ಅಂದಿತು. 2006ರಿಂದ ಡೆಬಿಯನ್‌ನಲ್ಲಿ ಅದೇ ಬ್ರೌಸರ್ "ಐಸ್‌ವೀಸಲ್" ಆಗಿ ಬದುಕಿತು. ಹತ್ತು ವರ್ಷದ ಮೇಲೆ ಎರಡೂ ಕಡೆಯವರು ಒಪ್ಪಂದಕ್ಕೆ ಬಂದು, 2016ರಲ್ಲಿ ಮತ್ತೆ ಫೈರ್‌ಫಾಕ್ಸ್ ಆಯಿತು.